ಬೇಗ ನಿಂತ ಸೆಂಟ್ರಿಫ್ಯೂಜ್

ಅವತ್ತು ಸಂಜೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬುಗಳನ್ನು ಜೋರಾಗಿ ತಿರುಗಿಸಿ ಒಳಗಿನದನ್ನು ಬೇರೆ ಮಾಡುವ ಯಂತ್ರ, ಬೇಗ ನಿಂತಿತು. ನನಗೆ ಖುಷಿಯಾಯಿತು. ಆ ಖುಷಿ ನೆನಪಾದರೆ ಇವತ್ತಿಗೂ ಹೊಟ್ಟೆಯೊಳಗೆ ಸಂಕಟ.

ನಾನು ಪುಣೆಯ ಒಂದು ಯೀಸ್ಟ್ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಊರು ಹಾವೇರಿ. ಪಕ್ಕದ ಬೆಂಚಿನ ಪಿಎಚ್‌ಡಿ ಹುಡುಗ ಬಾಗಲಕೋಟೆಯವನು, ನನ್ನನ್ನು ಅಕ್ಕಾ ಅನ್ನುತ್ತಾನೆ. ಮ್ಯುಟೆಂಟ್, ಅಂದರೆ ಜೀನ್ ಬದಲಾದ ಯೀಸ್ಟ್, ಅವನದು. ಅದರ ಜೀವಕೋಶಗಳು ಸರಿಯಾಗಿ ನಿದ್ದೆಗೆ ಹೋಗುತ್ತವೋ ಇಲ್ಲವೋ ನೋಡಬೇಕಿತ್ತು. ಅವನು ತಂಗಿಯ ಮದುವೆಗೆ ಊರಿಗೆ ಹೋದ. ಕೆಲಸ ನನ್ನ ಕೈಗೆ ಬಂತು.

ವೈಪಿಡಿ ಎಂಬ ಪೋಷಕ ದ್ರವದಲ್ಲಿ ಯೀಸ್ಟ್ ಮೊದಲು ಗ್ಲೂಕೋಸ್ ಮುಗಿಸುತ್ತದೆ. ಆಮೇಲೆ ತಾನೇ ಮಾಡಿಟ್ಟ ಆಲ್ಕೋಹಾಲ್ ತಿಂದು ಬದುಕುತ್ತದೆ. ಅದೂ ಮುಗಿದರೆ ಬೆಳವಣಿಗೆ ನಿಲ್ಲುತ್ತದೆ. ಏಳನೇ ದಿನಕ್ಕೆ ಫ್ಲಾಸ್ಕಿನಲ್ಲಿ ಎರಡು ಗುಂಪು ಇರುತ್ತವೆ. ಒಂದು ಕ್ಯೂ, ಸರಿಯಾಗಿ ನಿದ್ದೆಗೆ ಹೋದವು. ಇನ್ನೊಂದು ಎನ್‌ಕ್ಯೂ, ಹಾಗೆ ಹೋಗದವು. ಕ್ಯೂ ಹೆಚ್ಚಾಗಿ ಹೊಸದಾಗಿ ಹುಟ್ಟಿದ, ಮೊಗ್ಗಿಲ್ಲದ (ಮೈಮೇಲೆ ಮರಿಕೋಶ ಮೂಡಿರದ) ಕೋಶಗಳು. ದಪ್ಪ ಗೋಡೆ, ಒಳಗೆ ಗ್ಲೈಕೋಜನ್ ದಾಸ್ತಾನು, ಬಿಸಿ ತಡೆಯುವ ಶಕ್ತಿ. ಇವು ಸಾಂದ್ರತೆಯಲ್ಲಿ ಜಾಸ್ತಿ, ಹಾಗಾಗಿ ಪರ್ಕಾಲ್ ಎಂಬ ದ್ರವದ ಗ್ರೇಡಿಯೆಂಟ್‌ನಲ್ಲಿ (ಕೆಳಕ್ಕೆ ಹೋದಂತೆ ಸಾಂದ್ರತೆ ಹೆಚ್ಚುವ ಹಾಗೆ ಮಾಡಿದ್ದು) ಕೆಳಗೆ ಇಳಿಯುತ್ತವೆ. ಎನ್‌ಕ್ಯೂ ಮೇಲೆ ಉಳಿಯುತ್ತದೆ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮಾರ್ಗರೆಟ್ ವರ್ನರ್-ವಾಶ್‌ಬರ್ನ್ ಅವರ ತಂಡ 2006ರಲ್ಲಿ ತೋರಿಸಿದ ದಾರಿ ಇದು. ನಾವೂ ಅದೇ ದಾರಿಯಲ್ಲಿ ನಡೆಯುತ್ತೇವೆ.

ಏಳು ದಿನದ ಕಲ್ಚರ್ ಅಂದರೆ ನಡುವೆ ಒಂದು ಗುರುವಾರ ಬಂದೇ ಬರುತ್ತದೆ. ಪುಣೆಯಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರವೇ. ಆ ದಿನ ಪೂರ್ತಿ ಫ್ಲಾಸ್ಕ್ ಅಲುಗಿಸುವ ಶೇಕರ್ ಪಕ್ಕದಲ್ಲೇ ಕೂತೆ. ಯುಪಿಎಸ್ ಕೈ ಕೊಡಲಿಲ್ಲ, ಶೇಕರ್ ಒಂದು ನಿಮಿಷವೂ ನಿಲ್ಲಲಿಲ್ಲ.

ಕಷ್ಟ ಇದ್ದದ್ದು ಪರ್ಕಾಲ್‌ಗೆ. ಬಾಟಲಿ ತಳ ಕಂಡಿತ್ತು. ಹೊಸದಕ್ಕೆ ಹಾಕಿದ ಇಂಡೆಂಟ್ ಪರ್ಚೇಸ್‌ನಲ್ಲಿ ವಾರಗಟ್ಟಲೆ ಕೂತಿತ್ತು. ಕೇಳಿದರೆ ಮೂರು ಕೊಟೇಶನ್ ಆಗಲಿ ಅಂದರು. ಉಳಿದದ್ದು ಎರಡು ಟ್ಯೂಬಿಗೆ ಸಾಕಿತ್ತು. ಒಂಬತ್ತು ಪಾಲು ಪರ್ಕಾಲ್, ಒಂದು ಪಾಲು 1.5 ಮೋಲಾರ್ ಉಪ್ಪಿನ ನೀರು. ಎರಡೂ ಟ್ಯೂಬಿಗೆ ಮ್ಯುಟೆಂಟನ್ನೇ ಹಾಕೋಣ, ಕೋಶಗಳು ಜಾಸ್ತಿ ಸಿಗುತ್ತವೆ ಅಂದುಕೊಂಡೆ. ಹೋಲಿಕೆಗೆ ಇಡುವ ಮಾಮೂಲಿ ಯೀಸ್ಟ್, ಅಂದರೆ ವೈಲ್ಡ್ ಟೈಪ್, ಬಿಟ್ಟೆ. ಅದರ ಫೋಟೊ ಹಿಂದಿನ ತಿಂಗಳದ್ದು ಇದೆಯಲ್ಲ, ಸಾಕು ಅಂದುಕೊಂಡೆ.

ಟ್ಯೂಬ್ ಓರೆಯಾಗಿ ಕೂರುವ ಆ್ಯಂಗಲ್ ರೋಟರ್‌ನಲ್ಲಿ 15 ನಿಮಿಷ ಓಡಿಸಿ ಗ್ರೇಡಿಯೆಂಟ್ ಮಾಡಿದೆ. ಮೇಲೆ 200 ಓಡಿಯಷ್ಟು (ದ್ರವದ ಮಸುಕು ನೋಡಿ ಕೋಶ ಅಳೆಯುವ ಲೆಕ್ಕ) ಕೋಶಗಳನ್ನು ಉಸಿರು ಬಿಗಿಹಿಡಿದು ಪದರವಾಗಿ ಬಿಟ್ಟೆ. ಆಮೇಲೆ ಟ್ಯೂಬ್ ತೂಗಾಡುವ ಸ್ವಿಂಗ್ ಔಟ್ ರೋಟರ್‌ಗೆ ಹಾಕಿ 400 ಜಿ (ಗುರುತ್ವದ 400 ಪಟ್ಟು), 20 ಡಿಗ್ರಿ, 60 ನಿಮಿಷ ಒತ್ತಿದೆ. ಕಾತ್ರಜ್ ಬಸ್ ತಪ್ಪಿದರೆ ಮುಂದಿನದಕ್ಕೆ ತುಂಬಾ ಹೊತ್ತು ಕಾಯಬೇಕು. ಗಡಿಯಾರ ನೋಡುತ್ತಲೇ ಇದ್ದೆ.

ಬ್ರೇಕ್ ಸೊನ್ನೆಗೆ ಇಟ್ಟರೆ ರೋಟರ್ ನಿಧಾನವಾಗಿ ಸುತ್ತಿ ಸುತ್ತಿ ನಿಲ್ಲುತ್ತದೆ, ಪದರ ಕದಡುವುದಿಲ್ಲ. ಕಾದು ಕಾದು ಸಾಕಾಗುತ್ತದೆ. ಅವತ್ತು ಟೈಮರ್ ಸೊನ್ನೆ ತೋರಿಸಿದ್ದೇ ತಡ, ಗರ್ ಎಂದು ನಿಂತೇಬಿಟ್ಟಿತು. ಬಸ್ ಸಿಗುತ್ತದೆ ಅನ್ನೋದು ಬಿಟ್ಟರೆ ಬೇರೇನೂ ತಲೆಗೆ ಬರಲಿಲ್ಲ. ಮುಚ್ಚಳ ತೆಗೆದೆ. ಎರಡೂ ಟ್ಯೂಬ್ ಮೇಲಿಂದ ಕೆಳಗಿನವರೆಗೆ ಮಸುಕು. ಪದರ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿಲ್ಲ. ಬೆಳಕಿಗೆ ಹಿಡಿದೆ. ತಿರುಗಿಸಿದೆ. ಅಲುಗಿಸಲು ಭಯ.

ಆಗ ಡಿಸ್‌ಪ್ಲೇ ನೋಡಿದ್ದರೆ ಬ್ರೇಕ್ 9, ಅಂದರೆ ಜೋರು ಬ್ರೇಕ್, ಅಂತ ಕಾಣುತ್ತಿತ್ತು. ಮಧ್ಯಾಹ್ನ ಬೇರೆ ಗ್ರೂಪಿನವರು ಪೆಲೆಟ್ ಮಾಡಿಕೊಂಡು (ಕೋಶಗಳನ್ನು ತಳಕ್ಕೆ ಕೂರಿಸಿಕೊಂಡು) ಹಾಗೇ ಬಿಟ್ಟುಹೋಗಿದ್ದರು. ಲಾಗ್‌ಬುಕ್ಕಿನಲ್ಲಿ ವೇಗ ಬರೆಯಲು ಜಾಗ ಇದೆ, ಸಮಯ ಬರೆಯಲು ಜಾಗ ಇದೆ, ಬ್ರೇಕ್ ಬರೆಯಲು ಕಾಲಮ್ಮೇ ಇಲ್ಲ. ಆದರೂ ಒತ್ತಿದವಳು ನಾನು. ನೋಡಬೇಕಾದವಳೂ ನಾನೇ.

ಅಲ್ಲಿಗೇ ನಿಲ್ಲಿಸಿ, ಟ್ಯೂಬ್ ಕೆಟ್ಟಿತು ಅಂತ ಬರೆದಿಟ್ಟಿದ್ದರೆ ಒಂದು ಸಂಜೆ ಮಾತ್ರ ಹೋಗುತ್ತಿತ್ತು. ನಾನು ಪಿಪೆಟ್ ತೆಗೆದುಕೊಂಡೆ. ಅಂದಾಜಿನ ಮೇಲೆ ಮೇಲಿನ ಭಾಗ, ಕೆಳಗಿನ ಭಾಗ ಅಂತ ಬೇರೆ ಮಾಡಿದೆ. ತೊಳೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡರಲ್ಲೂ ಮೊಗ್ಗಿರುವ ಕೋಶಗಳು ಹೆಚ್ಚುಕಮ್ಮಿ ಅಷ್ಟಷ್ಟೇ. ಪ್ಲೇಟಿಂಗ್‌ನಲ್ಲೂ, ಅಂದರೆ ತಟ್ಟೆಯಲ್ಲಿ ಹರಡಿ ಎಷ್ಟು ಬೆಳೆಯುತ್ತವೆ ಎಂದು ನೋಡಿದಾಗಲೂ, ವ್ಯತ್ಯಾಸವಿಲ್ಲ. ಸೋಮವಾರ ಲ್ಯಾಬ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ, "ಈ ಮ್ಯುಟೆಂಟ್ ಕ್ಯೂ ಮಾಡೋದೇ ಇಲ್ಲ ಸರ್" ಎಂದೆ. ಸರ್ ಮುಖ ಅರಳಿತು. ನನಗೂ ಹೆಮ್ಮೆಯಾಯಿತು. ಮಸುಕಾದ ಟ್ಯೂಬಿನ ಮಾತು ನಾನು ಎತ್ತಲೇ ಇಲ್ಲ. ಮುಚ್ಚಿಡಬೇಕು ಅಂತಲ್ಲ. ಅಷ್ಟರಲ್ಲಿ ಮ್ಯುಟೆಂಟ್ ಇರುವುದೇ ಹೀಗೆ ಅಂತ ನಾನೇ ನಂಬಿಬಿಟ್ಟಿದ್ದೆ.

ಹುಡುಗ ಮದುವೆ ಮುಗಿಸಿ ಬಂದು ಆ ಮಾತಿನ ಮೇಲೆ ಮೂರು ವಾರ ದುಡಿದ. ಹೊಸ ಪ್ರೈಮರ್, ಹೊಸ ಪ್ಲಾಸ್ಮಿಡ್, ರಾತ್ರಿ ಊಟ ಕ್ಯಾಂಟೀನಿನ ವಡಾಪಾವ್. ಪರ್ಕಾಲ್ ಬಂದ ಮೇಲೆ ತಾನೇ ಒಮ್ಮೆ ಹಾಕಿ ನೋಡಿದ. ಒಂದು ಕಡೆ ಮ್ಯುಟೆಂಟ್, ಎದುರಿಗೆ ವೈಲ್ಡ್ ಟೈಪ್. ಬ್ಯಾಲೆನ್ಸ್‌ಗೆ ಹೇಗೂ ಇನ್ನೊಂದು ಟ್ಯೂಬ್ ಬೇಕಲ್ವಾ? ಅದು ವೈಲ್ಡ್ ಟೈಪ್ ಆಗಿದ್ದರೆ ಒಂದು ಹನಿಯೂ ಜಾಸ್ತಿ ಖರ್ಚಾಗುತ್ತಿರಲಿಲ್ಲ. ಅವತ್ತು ಅದೂ ಮಸುಕಾಗಿ ಬಂದು ನನ್ನನ್ನು ತಡೆಯುತ್ತಿತ್ತು.

ಎರಡರಲ್ಲೂ ಎರಡೆರಡು ಪದರ ಚೊಕ್ಕವಾಗಿ ನಿಂತಿದ್ದವು. ಮ್ಯುಟೆಂಟ್‌ನ ಕೆಳಗಿನ ಪದರ ಸ್ವಲ್ಪ ತೆಳ್ಳಗಿತ್ತು, ಅಷ್ಟೇ.

ಅವನು ಸಿಟ್ಟಾಗಲಿಲ್ಲ. ನನ್ನ ಬೆಂಚಿನ ಹತ್ತಿರ ಬಂದು, "ಅಕ್ಕಾ, ಖರೇ ಹೇಳ್ರಿ, ಆವತ್ತು ಟ್ಯೂಬ್ ಹ್ಯಾಂಗಿತ್ತು?" ಎಂದು ಕೇಳಿದ. ಹೇಳಿದೆ. ಗರ್ ಎಂದು ನಿಂತದ್ದನ್ನೂ ಹೇಳಿದೆ. ಆಮೇಲೆ ಇಬ್ಬರೂ ಸರ್ ಕೋಣೆಗೆ ಹೋದೆವು. ಮಾತಾಡಿದ್ದು ನಾನೇ.

ಲಾಗ್‌ಬುಕ್ಕಿಗೆ ಬ್ರೇಕ್ ಕಾಲಮ್ ಸೇರಿಸಿ ಅಂತ ಆಫೀಸಿಗೆ ಬರೆದುಕೊಟ್ಟಿದ್ದೇವೆ. ಹೊಸ ಪುಸ್ತಕ ಬಂದಾಗ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಸ್ಕೇಲ್ ಇಟ್ಟು, ಪ್ರತಿ ಪುಟಕ್ಕೂ ಗೆರೆ ಎಳೆಯುತ್ತಿದ್ದೇನೆ.