ಮೆಗಾಬ್ಲಾಕ್ ಮತ್ತು ನಾಗಪ್ಪ

ನಮ್ಮ ಓದಿನ ಗುಂಪು ಸೇರುವುದು ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ 11ಕ್ಕೆ. ಜಾಗ ಮುಂಬಯಿಯ ಮಾಟುಂಗಾದಲ್ಲಿ ಒಬ್ಬ ಮಾಮಿಯ ಮನೆ. 1926ರಿಂದ ಇರುವ ಕನ್ನಡಿಗರ ಸಂಘ, ಮೈಸೂರು ಅಸೋಸಿಯೇಶನ್, ಅಲ್ಲೇ ನಾಲ್ಕು ಹೆಜ್ಜೆ.

ಭಾನುವಾರ ಅಂದರೆ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್: ಹಳಿ ರಿಪೇರಿಗೆಂದು ಕೆಲವು ಗಂಟೆ ಲೈನು ಬಂದ್. ಮಾಟುಂಗಾ–ಮುಲುಂಡ್ ನಡುವೆ ಎಷ್ಟೋ ಸಲ ಸ್ಲೋ ಗಾಡಿಗಳನ್ನು ಫಾಸ್ಟ್ ಲೈನಿಗೆ ಹಾಕಿಬಿಡುತ್ತಾರೆ. ಡೊಂಬಿವಲಿಯಿಂದ ನಾನು ಹೇಗೋ ಬರುತ್ತೇನೆ. ಪಾಪ, ಕಾಂಜೂರ್‌ಮಾರ್ಗದ ಹೋಟೆಲ್ ಶೆಟ್ಟರಿಗೆ ಅವತ್ತು ಗಾಡಿಯೇ ನಿಲ್ಲುವುದಿಲ್ಲ. ರಿಕ್ಷಾ ಹಿಡಿದು ಘಾಟ್ಕೋಪರ್, ಅಲ್ಲಿಂದ ಗಾಡಿ. ಅವರು ಬಂದಾಗ ಮಾಮಿಯ ಅವಲಕ್ಕಿ ತಳ ಕಂಡಿರುತ್ತದೆ.

ಈಗ ಓದುತ್ತಿರುವುದು ಯಶವಂತ ಚಿತ್ತಾಲರ ‘ಶಿಕಾರಿ’, 1979ರ ಕಾದಂಬರಿ. ತಿಂಗಳಿಗೊಂದು ಪುಸ್ತಕ ಅಂತ ಜಂಬದಿಂದ ಶುರು ಮಾಡಿದವರು ನಾವು. ಇದಕ್ಕೆ ನಾಲ್ಕನೇ ತಿಂಗಳು! ಗಟ್ಟಿಯಾಗಿ ಓದುತ್ತೇವೆ, ಅದಕ್ಕೇ ತಡ. ಗಟ್ಟಿಯಾಗಿ ಓದಲು ಕಾರಣ ನಮ್ಮ ಮುಲುಂಡಿನ ಹುಡುಗಿ. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಕಾಗುಣಿತ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ. ಒತ್ತಕ್ಷರ ಬಂದರೆ ಒಂದು ಕ್ಷಣ ಉಸಿರು ಹಿಡಿಯುತ್ತಾಳೆ, ಜೊತೆಗೆ ನಾವೂ.

ನಾನು ಒಮ್ಮೆ ಗುಟ್ಟಾಗಿ ಮುಂದಿನ ಪುಟಗಳನ್ನು ಲೋಕಲ್‌ನಲ್ಲಿ ಓದಲು ಹೋದೆ. ಹಾಗೆ ಮಾಡಬಾರದಿತ್ತು. ಕಾದಂಬರಿಯ ನಾಯಕ ನಾಗಪ್ಪನ ಸಂಶಯ ನನಗೂ ಅಂಟಿಕೊಂಡು, ಎದುರು ಕೂತು ಬಟಾಣಿ ಸುಲಿಯುತ್ತಿದ್ದ ಹೆಂಗಸೂ ನನ್ನನ್ನೇ ಗಮನಿಸುತ್ತಿದ್ದಾಳೆ ಅನಿಸತೊಡಗಿತು. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಹುಡುಗಿ ಕಂಪನಿಯೊಂದರ ಎಚ್‌ಆರ್‌ನಲ್ಲಿದ್ದಾಳೆ. ನಾಗಪ್ಪನನ್ನು ಸಸ್ಪೆಂಡ್ ಮಾಡಿದ ವಿಷಯ ಬಂದದ್ದೇ ತಡ, ಅವಳಿಗೆ ಸಿಟ್ಟು ಬಂತು. “ಆಂಟಿ, ಆರೋಪ ಏನು ಅಂತ ಸರಿಯಾಗಿ ಹೇಳದೆ ಸಸ್ಪೆಂಡಾ? ಶೋಕಾಸ್ ನೋಟೀಸ್ ಎಲ್ಲಿ?” ಅರ್ಧ ಗಂಟೆ ಅದೇ ಚರ್ಚೆ. ಚಿತ್ತಾಲರು ತಾವೇ ಪಾಲಿಮರ್ ಉದ್ಯಮದಲ್ಲಿದ್ದವರು, ಇಂಥ ಆಫೀಸು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನಾನೂ ನಡುವೆ ಬಾಯಿ ಹಾಕಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಶೆಟ್ಟರು ನಕ್ಕರು. “ನಮ್ಮಲ್ಲಿ ನೋಟೀಸೂ ಇಲ್ಲ, ಗೀಟೀಸೂ ಇಲ್ಲ ಮಾರಾಯ್ತಿ. ನಾಳೆಯಿಂದ ಬರಬೇಡ ಅಂದರೆ ಮುಗಿಯಿತು.”

ಬೇರೆ ಯಾರೂ ನಗಲಿಲ್ಲ. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಮಾಮಿ ಚಹಾ ತರಲು ಎದ್ದರು.

ಹೋದ ಭಾನುವಾರ ಶೆಟ್ಟರು ಎಂದಿನಂತೆ ತಡವಾಗಿ, ಬೆವರು ಒರೆಸಿಕೊಳ್ಳುತ್ತ ಬಂದರು. ನಾವಾಗಲೇ ಮುಂದಿನ ಅಧ್ಯಾಯಕ್ಕೆ ಹೋಗಿದ್ದೆವು. ಅವರು ಕೂತು, ನೀರು ಕುಡಿದು, “ಕಳೆದ ಸಲದ ಆ ಸಸ್ಪೆಂಡಿನ ಪುಟ ಇನ್ನೊಮ್ಮೆ ಓದ್ತೀಯಾ ಮಗಾ?” ಅಂದರು.

ಅವಳು ಹಾಳೆ ಹಿಂದಕ್ಕೆ ತಿರುವಿ ಬೆರಳಿಟ್ಟಳು. ಆ ದಿನ ನಾವು ಮುಂದೆ ಹೋದದ್ದು ಮೂರೇ ಪುಟ.