ಜಗಲಿ ಚೆಸ್ ಆಡಿದವರು ಟೂರ್ನಮೆಂಟಿನಲ್ಲಿ ಎಡವುವುದೆಲ್ಲಿ?

ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ಜಗಲಿಯ ಮೇಲೆ ಅಜ್ಜನೆದುರು ಕೂತು ಚೆಸ್ ಕಲಿತ ಮಕ್ಕಳು ಮಲೆನಾಡಿನಲ್ಲಿ ಬೇಕಾದಷ್ಟು. ಆಟ ಚೆನ್ನಾಗಿಯೇ ಬರುತ್ತದೆ. ಶಿವಮೊಗ್ಗದಲ್ಲಿ ಮೊದಲ ಟೂರ್ನಮೆಂಟಿಗೆ ಕೂತಾಗ ಅವರನ್ನು ಸೋಲಿಸುವುದು ಜಗಲಿಯ ಕಾಯಿದೆ.

ಹಲವು ಮನೆಗಳಲ್ಲಿ ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ರಾಜ ಒಮ್ಮೆ ಕುದುರೆಯ ಹಾಗೆ ಜಿಗಿಯುತ್ತಾನೆ, ಪದಾತಿ ಕೊನೆ ಮುಟ್ಟಿದರೆ ಸತ್ತ ಕಾಯಿ ಮಾತ್ರ ವಾಪಸ್. ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಲ್ಲಿ ಇದ್ಯಾವುದೂ ಇಲ್ಲ. ಮಂತ್ರಿ ಬೋರ್ಡಿನ ಮೇಲಿದ್ದರೂ ಎರಡನೇ ಮಂತ್ರಿ ಪಡೆಯಬಹುದು. ಕಾಯಿ ಸಿಗದಿದ್ದರೆ ಗಡಿಯಾರ ನಿಲ್ಲಿಸಿ ಆರ್ಬಿಟರನ್ನು, ಅಂದರೆ ಪಂದ್ಯದ ತೀರ್ಪುಗಾರರನ್ನು, ಕೇಳಿ. ಆನೆಯನ್ನು ತಲೆಕೆಳಗಾಗಿ ಇಟ್ಟು ಮಂತ್ರಿ ಎಂದರೆ ನಡೆಯದು, ಅದು ಆನೆಯೇ. ಇನ್ನು ಎನ್‌ಪಾಸಾಂಟ್: ಎರಡು ಮನೆ ನಡೆದು ಪಕ್ಕಕ್ಕೆ ಬಂದು ನಿಂತ ಪದಾತಿಯನ್ನು, ಅದು ಒಂದೇ ಮನೆ ನಡೆದಿತ್ತೆಂಬಂತೆ, ಮರುನಡೆಯಲ್ಲೇ ನಿಮ್ಮ ಪದಾತಿ ಓರೆಯಾಗಿ ಹೊಡೆಯುವುದು. ಗೊತ್ತಿಲ್ಲದವರಿಗೆ ಅದು ಹಗಲು ಮೋಸದಂತೆಯೇ ಕಾಣುತ್ತದೆ, ಹೋಗುವ ಮೊದಲೇ ಕಲಿತುಬಿಡಿ.

ದೊಡ್ಡ ನಷ್ಟ ಕೈಯಿಂದ. "ಇಲ್ಲ ಇಲ್ಲ, ಇದಲ್ಲ" ಎಂದು ಕಾಯಿ ವಾಪಸ್ ಇಡುವ ರೂಢಿ ಅಲ್ಲಿ ನಡೆಯುವುದಿಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಓರೆಯಾದದ್ದನ್ನು ಸರಿಪಡಿಸುವುದಿದ್ದರೆ ನಿಮ್ಮ ಸರದಿಯಲ್ಲಿ, ಮುಟ್ಟುವ ಮೊದಲು "ಅಡ್ಜಸ್ಟ್" ಎನ್ನಿ. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡುವಾಗ ಒಂದೇ ಕೈ, ಮೊದಲು ರಾಜ ಎರಡು ಮನೆ, ಆಮೇಲೆ ಆನೆ. ಆನೆಯನ್ನು ಮೊದಲು ಮುಟ್ಟಿದರೆ ಆನೆಯನ್ನೇ ನಡೆಸಬೇಕಾಗುತ್ತದೆ. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು.

ನಾಲ್ಕು ನಡೆಯ ಮೇಟ್ ಹುಚ್ಚು ಇನ್ನೊಂದು. ನೀವು ಕಪ್ಪು ಎಂದಿಟ್ಟುಕೊಳ್ಳಿ (ಅಕ್ಷರ ಬೋರ್ಡಿನ ಉದ್ದಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಬಿಳಿಯ ಒಂಟೆ ಸಿ4ಕ್ಕೆ, ಮಂತ್ರಿ ಎಚ್5ಕ್ಕೆ, ಗುರಿ ಎಫ್7. ಆ ಪದಾತಿಗೆ ರಾಜನ ಹೊರತು ಬೇರೆ ಕಾವಲಿಲ್ಲ. ಮಂತ್ರಿ ಎರಡನೇ ನಡೆಗೇ ಎಚ್5ಕ್ಕೆ ಬಂದರೆ ಗಾಬರಿಯಿಂದ ಜಿ6 ತಳ್ಳಬೇಡಿ: ಮಂತ್ರಿ ಇ5ರಲ್ಲಿರುವ ನಿಮ್ಮ ಪದಾತಿ ಹೊಡೆದು ಚೆಕ್ ಕೊಡುತ್ತದೆ, ಜೊತೆಗೆ ಎಚ್8ರ ಆನೆಯೂ ಹೋಗುತ್ತದೆ. ಮೊದಲು ಕುದುರೆ ಸಿ6, ಒಂಟೆ ಬಂದ ಮೇಲೆ ಜಿ6, ಮಂತ್ರಿ ಎಫ್3ಕ್ಕೆ ಸರಿದರೆ ಕುದುರೆ ಎಫ್6. ಈಗ ನಿಮ್ಮ ಎರಡೂ ಕುದುರೆ ಹೊರಬಂದಿವೆ. ಅವರ ಕುದುರೆ ಬರಬೇಕಾದ ಎಫ್3ರಲ್ಲಿ ಅವರದೇ ಮಂತ್ರಿ ಕೂತಿದೆ. ಈ ಕುತಂತ್ರ ಗೊತ್ತಿದ್ದವರ ಮುಂದೆ ಆಡುವಂಥದ್ದಲ್ಲ.

ಕೊನೆಯದು ಸ್ಟೇಲ್‌ಮೇಟ್. ಚೆಕ್ ಇಲ್ಲದಿದ್ದರೂ ಎದುರಾಳಿಗೆ ಒಂದೂ ನಡೆ ಉಳಿಯದ ಸ್ಥಿತಿ ಅದು. ಜಗಲಿಯಲ್ಲಿ "ದಾರಿಯೇ ಇಲ್ಲ, ಗೆದ್ದೆ" ಎನ್ನುತ್ತಾರೆ. ಟೂರ್ನಮೆಂಟಿನಲ್ಲಿ ಅದು ಡ್ರಾ, ಅರ್ಧ ಅಂಕ ಕೈಬಿಟ್ಟಂತೆ. ಎದುರಾಳಿಗೆ ಬರೀ ರಾಜ, ನಿಮಗೆ ರಾಜ ಮತ್ತು ಮಂತ್ರಿ. ಮಂತ್ರಿಯನ್ನು ಎದುರಾಳಿ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿಟ್ಟು, ಆ ರಾಜ ಸರಿದತ್ತಲೇ ಸರಿಸುತ್ತಾ ಅಂಚಿಗೆ ಅಟ್ಟುವುದು ಒಳ್ಳೆಯ ಉಪಾಯ, ಆದರೆ ಮೂಲೆಯವರೆಗೆ ಮಾತ್ರ. ಕಪ್ಪು ರಾಜ ಜಿ8, ಮಂತ್ರಿ ಇ7 ಎಂದಿಟ್ಟುಕೊಳ್ಳಿ. ರಾಜ ಎಚ್8ಕ್ಕೆ ಹೋದಾಗ ಅಭ್ಯಾಸಬಲದಿಂದ ಮಂತ್ರಿಯನ್ನು ಎಫ್7ಕ್ಕೆ ತಂದರೆ ಜಿ8, ಜಿ7, ಎಚ್7 ಮೂರೂ ಬಂದ್. ಚೆಕ್ ಇಲ್ಲ, ನಡೆಯೂ ಇಲ್ಲ, ಆಟ ಡ್ರಾ. ಮಂತ್ರಿ ಇ7ರಲ್ಲೇ ಇರಲಿ. ರಾಜ ಜಿ8, ಎಚ್8 ನಡುವೆ ಓಡಾಡಿಕೊಂಡಿರುತ್ತಾನೆ. ಅಷ್ಟರಲ್ಲಿ ನಿಮ್ಮ ರಾಜನನ್ನು ನಿಧಾನಕ್ಕೆ ಜಿ6ಕ್ಕೆ ತನ್ನಿ, ಆಮೇಲೆ ಮಂತ್ರಿ ಜಿ7. ರಾಜ ಯಾವ ಮನೆಯಲ್ಲಿದ್ದರೂ ಮೇಟ್.