ಚಿರೆಕಲ್ಲು ಕ್ವಾರಿ ಸುತ್ತಲಿನ ಬಾವಿಗಳು: ಮೇ ತಿಂಗಳವರೆಗಿನ ಲೆಕ್ಕ

ಇನ್ನೇನು ಮಳೆ ಹಿಡಿಯುತ್ತದೆ. ಅದಕ್ಕೂ ಮುಂಚೆ ಬೇಸಿಗೆಯ ಅಳತೆಗಳನ್ನು ಬರೆದಿಡುತ್ತಿದ್ದೇನೆ. ಹೊಸದಾಗಿ ಓದುವವರಿಗೆ ಹಿನ್ನೆಲೆ ಇಷ್ಟೇ: ಕುಮಟಾ ಕಡೆಯ ನಮ್ಮೂರ ಗುಡ್ಡದ ಮೇಲೆ ಚಿರೆಕಲ್ಲು (ಜಂಬಿಟ್ಟಿಗೆ) ಕ್ವಾರಿ ಇದೆ. ಅದರ ಕೆಳಗೆ ಕೇರಿ, ತೋಟ, ಗದ್ದೆ, ಕೊನೆಗೆ ಅಘನಾಶಿನಿ ಹೊಳೆಯ ಗಜನಿ, ಅಂದರೆ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆ. ಕ್ವಾರಿಯಿಂದಲೇ ಬಾವಿ ಬತ್ತುತ್ತಿದೆ ಅನ್ನುತ್ತಾರೆ ಕೇರಿಯವರು. ಮಳೆ ಕೈಕೊಟ್ಟರೆ ನಾವೇನು ಮಾಡೋಣ ಅನ್ನುತ್ತಾರೆ ಕ್ವಾರಿಯವರು. ಇಬ್ಬರ ಹತ್ತಿರವೂ ಅಂಕಿ ಇಲ್ಲ.

ಅಳೆಯುವ ಕ್ರಮ ನಾನು ಕಂಡುಹಿಡಿದಿದ್ದಲ್ಲ. ಕಲ್ಲಿದ್ದಲು ಗಣಿಗಳ ಸುತ್ತ ನೀರು ಪರೀಕ್ಷಿಸುವ ರೀತಿಯನ್ನೇ ಊರಿನ ಮಟ್ಟಕ್ಕೆ ಇಳಿಸಿಕೊಂಡಿದ್ದೇನೆ. ಅಲ್ಲಿ ಸುತ್ತಲಿನ ಬಾವಿಗಳ ಮಟ್ಟ ನೋಡುತ್ತಾರೆ. ಹಳ್ಳದ ನೀರನ್ನು ಗಣಿಗಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಹಿಡಿದು ಹೋಲಿಸುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನಮ್ಮ ನೆಲಕ್ಕೆ ಅದು ಸಾಲದು. ಇಲ್ಲಿ ಚಿರೆಕಲ್ಲು ಜರಡಿ ಇದ್ದ ಹಾಗೆ, ಅದರಡಿಯ ಶೇಡಿ, ಅಂದರೆ ನೀರು ಸುಲಭಕ್ಕೆ ಇಳಿಯದ ಜೇಡಿಮಣ್ಣು, ತಟ್ಟೆ. ಮಳೆ ನೀರು ಜರಡಿಯಲ್ಲಿ ಇಳಿದು, ತಟ್ಟೆಯ ಮೇಲೆ ನಿಂತು, ನಿಧಾನಕ್ಕೆ ಗುಡ್ಡದ ಬುಡಕ್ಕೆ ಬರುತ್ತದೆ. ಮಳೆಗಾಲದಲ್ಲಿ ಬಾವಿ ಏರುವುದೂ ಬೇಗ, ಮಳೆ ನಿಂತ ಮೇಲೆ ಇಳಿಯುವುದೂ ಬೇಗ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಅಳೆಯುತ್ತಿದ್ದೇನೆ.

ಸಾಮಾನು ಜಾಸ್ತಿ ಏನಿಲ್ಲ. ಒಂದು ಸ್ಟೀಲ್ ಟೇಪು, ತುದಿಗೆ ಒಂದು ತೂಕ. ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಬೇಕು. ಬಾವಿಕಟ್ಟೆ ಮೇಲೆ ಕೆಂಪು ಬಣ್ಣದ ಗುರುತಿದೆ. ಪ್ರತಿ ಸಲವೂ ಅಲ್ಲಿಂದಲೇ ಟೇಪು ಇಳಿಸಿ, ತುದಿ ಮುಳುಗಿಸಿ, ಗುರುತಿಗೆ ಬಂದ ಅಂಕಿ ಬರೆದುಕೊಂಡು ಮೇಲೆಳೆಯಬೇಕು. ಸುಣ್ಣ ಒದ್ದೆಯಾದಲ್ಲಿ ಬಣ್ಣ ಗಾಢವಾಗಿ, ಗೆರೆ ಎಳೆದ ಹಾಗೆ ಕಾಣುತ್ತದೆ. ಗುರುತಿನ ಅಂಕಿಯಲ್ಲಿ ಆ ಗೆರೆಯ ಅಂಕಿ ಕಳೆದರೆ ನೀರು ಎಷ್ಟು ಆಳದಲ್ಲಿದೆ ಅಂತ ಗೊತ್ತಾಗುತ್ತದೆ. ಬೆಳಗ್ಗೆ ಯಾರೂ ಪಂಪು ಹಾಕುವ ಮುಂಚೆ ಇದೆಲ್ಲ ಮುಗಿಯಬೇಕು. ಮೇಲ್ಕೇರಿಯ ಅಜ್ಜಿಗೆ ಮಾತ್ರ ಇದು ಇಷ್ಟ ಇಲ್ಲ. "ತಮಾ, ಹೀಂಗೆ ಅಳೀತಾ ಇದ್ರೆ ನೀರು ಕಮ್ಮಿ ಆಗೂದಿಲ್ವಾ?" ಅಂತ ಕೇಳುತ್ತಾರೆ. ಆದರೂ ಕೊಡಪಾನ ಪಕ್ಕಕ್ಕಿಟ್ಟು ಜಾಗ ಬಿಡುತ್ತಾರೆ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಕ್ವಾರಿ ಪಕ್ಕದ ಬಾವಿಯಲ್ಲ, ಕ್ವಾರಿ ಇಲ್ಲದ ಪಕ್ಕದ ಗುಡ್ಡದ ಬಾವಿ. ಅದೇ ಮಳೆ, ಅದೇ ಕಲ್ಲು, ಹೆಚ್ಚುಕಡಿಮೆ ಅಷ್ಟೇ ಆಳ. ಅದನ್ನು ಜೋಡಿ ಬಾವಿ ಅಂತ ಕರೆಯುತ್ತಿದ್ದೇನೆ. ನವೆಂಬರ್‌ನಿಂದ ಏಪ್ರಿಲ್ ಕೊನೆವರೆಗೆ ಅದು 2.1 ಮೀಟರ್ ಇಳಿಯಿತು. ಕ್ವಾರಿ ಪಕ್ಕದ ಮೇಲ್ಕೇರಿ ಬಾವಿ 2.9 ಮೀಟರ್. ತೋಟದ ಬಾವಿ ಇನ್ನೂ ಜಾಸ್ತಿ ಇಳಿದಿದೆ, ಆದರೆ ಅಲ್ಲಿ ಅಡಿಕೆಗೆ ದಿನಾ ಪಂಪು ಓಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಮೇಲ್ಕೇರಿ ಬಾವಿಯ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ಡಿಸೆಂಬರ್ ಮುಗಿಯುವುದರೊಳಗೇ ಬಂದಿದೆ. ಆಮೇಲೆ ಎರಡೂ ಒಂದೇ ವೇಗದಲ್ಲಿ ಇಳಿದಿವೆ. ಮೇಲಿನ ಕಲ್ಲು ತೆಗೆದಿದ್ದರಿಂದ ಹಿಡಿದಿಟ್ಟುಕೊಳ್ಳುವ ನೀರು ಕಡಿಮೆಯಾಗಿದೆ ಅನ್ನುವುದಕ್ಕೆ ಇದು ಹೊಂದುತ್ತದೆ. ಆದರೆ ಕ್ವಾರಿ ಶುರುವಾಗುವ ಮುಂಚಿನ ಅಳತೆ ಯಾರಲ್ಲೂ ಇಲ್ಲ. ಮೊದಲಿನಿಂದಲೂ ಆ ಬಾವಿ ಹಾಗೇ ಇದ್ದಿರಬಹುದಲ್ವಾ? ಒಂದೇ ಬೇಸಿಗೆಯ ಅಂಕಿ ಹಿಡಿದು ಪಂಚಾಯತಿಗೆ ಅರ್ಜಿ ಬರೆಯೋಣ ಅಂದವರಿಗೆ ನಾನು ಸಹಿ ಹಾಕಿಲ್ಲ.

ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ವಿಷಯಕ್ಕೆ ಊರಲ್ಲಿ ಸುಮ್ನೆ ಗಲಾಟೆ ಆಯ್ತು. ಮೇಲ್ಕೇರಿ ಬಾವಿಯಲ್ಲಿ ಮೀಟರ್ 5.9 ತೋರಿಸಿತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವುದು 6.5ರಿಂದ 8.5. ಕ್ವಾರಿಯವರು ಆಸಿಡ್ ಬಿಡುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಕಲ್ಲಿದ್ದಲು ಗಣಿಯಾದರೆ ಆ ಅನುಮಾನಕ್ಕೆ ಅರ್ಥ ಇರುತ್ತಿತ್ತು. ಕಲ್ಲಿದ್ದಲಿನ ಜತೆ ಪೈರೈಟ್ ಅನ್ನುವ ಖನಿಜ ಇರುತ್ತದೆ. ಅದರಲ್ಲಿ ಇರುವುದು ಕಬ್ಬಿಣ, ಗಂಧಕ. ಗಾಳಿ, ನೀರು ತಾಗಿದರೆ ಅದರಿಂದ ಗಂಧಕಾಮ್ಲ ಹುಟ್ಟುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಹೊಳೆಗಳು ಹಾಳಾಗಿದ್ದು ಹಾಗೆ. ಅಲ್ಲಿನ ಇಲಿಬಿಲದಂಥ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ನಮ್ಮ ಚಿರೆಕಲ್ಲಿನ ಕಥೆ ಬೇರೆ. ಲಕ್ಷಾಂತರ ವರ್ಷಗಳ ಮಳೆಗೆ ಇದರ ಸುಣ್ಣದಂಶವೆಲ್ಲ ತೊಳೆದುಹೋಗಿದೆ. ಇಂಗುವ ನೀರಿನ ಸಹಜ ಹುಳಿ ತಗ್ಗಿಸಲು ಏನೂ ಉಳಿದಿಲ್ಲ. ಜೋಡಿ ಬಾವಿಯಲ್ಲೂ ಪಿಎಚ್ 6.0 ಬಂದ ಮೇಲೆ ಮಾತು ನಿಂತಿತು. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ (ಲೀಟರಿಗೆ ಮಿಲಿಗ್ರಾಂ), ಎರಡರಲ್ಲೂ 60ರ ಒಳಗೇ. ಗಜನಿ ಪಕ್ಕದ ಬಾವಿಯಲ್ಲಿ ಮಾತ್ರ ಮೇ ತಿಂಗಳಲ್ಲಿ 1,400 ದಾಟಿತ್ತು. ಅದು ಭರತದ ಉಪ್ಪುನೀರು, ಕ್ವಾರಿಗೂ ಅದಕ್ಕೂ ಸಂಬಂಧ ಇಲ್ಲ.

ಹಳ್ಳಕ್ಕೆ ಅಡ್ಡವಾಗಿ ವಿ ಆಕಾರದ ಕಚ್ಚು ಕೊರೆದ ಹಲಗೆ ಕೂರಿಸಿದ್ದೆ. ಕಚ್ಚು 90 ಡಿಗ್ರಿಯದು. ಅದರ ತಳದಿಂದ ನೀರು 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. 5 ಸೆಂ.ಮೀ.ಗೆ ಇಳಿದರೆ 0.8 ಲೀಟರ್ ಅಷ್ಟೇ. ಎತ್ತರ ಅರ್ಧ ಆದಾಗ ನೀರು ಐದರಲ್ಲಿ ಒಂದು ಪಾಲೂ ಇರುವುದಿಲ್ಲ. ಕಣ್ಣಂದಾಜು ಯಾಕೆ ನಂಬಬಾರದು ಅಂತ ಇದರಿಂದ ಗೊತ್ತಾಗುತ್ತದೆ. ಫೆಬ್ರವರಿಯಲ್ಲಿ ಕೆಳಗಿನ ತೋಟದವರು ಎಂದಿನಂತೆ ಹಳ್ಳಕ್ಕೆ ಕಟ್ಟ ಹಾಕಿದರು, ನೀರು ಹಿಂದಕ್ಕೆ ನಿಂತು ಹಲಗೆಯೇ ಮುಳುಗಿತು. ಮುಂದಿನ ವರ್ಷ ಕಟ್ಟಕ್ಕಿಂತ ಸಾಕಷ್ಟು ಮೇಲೆ ಹಾಕಬೇಕು.

ಮಳೆಗಾಲದಲ್ಲಿ ನೋಡಬೇಕಾದದ್ದು ಕೆಂಪು ನೀರು. ಒಂದು ಪಾರದರ್ಶಕ ಪೈಪಿನ ತಳಕ್ಕೆ ಕಪ್ಪು ಬಣ್ಣದಲ್ಲಿ ಅಡ್ಡ-ಉದ್ದ ಗೆರೆ ಬರೆದಿದ್ದೇನೆ. ಎಷ್ಟು ಎತ್ತರ ನೀರು ತುಂಬಿದಾಗ ಗೆರೆ ಕಾಣದಾಗುತ್ತದೆ ಅನ್ನುವುದೇ ಅಳತೆ. ಕ್ವಾರಿಗಿಂತ ಮೇಲೆ ಹಿಡಿದ ನೀರಿಗೂ ಕೆಳಗಿನದಕ್ಕೂ ಒಂದೇ ದಿನ ಹೋಲಿಸಬೇಕು. ಮೊದಲ ಮಳೆಗೆ ಎಲ್ಲ ಹಳ್ಳವೂ ಕೆಂಪೇ, ಅದನ್ನು ಬಿಟ್ಟುಬಿಡುತ್ತೇನೆ.

ಇನ್ನೊಂದು, ಕ್ವಾರಿಯ ಹೊಂಡ. ಅಲ್ಲಿ ನಿಂತ ನೀರು ಇಂಗಿ ನಿಮ್ಮ ಬಾವಿಗೇ ಬರುತ್ತದೆ ಅನ್ನುವುದು ಕ್ವಾರಿಯವರ ವಾದ. ಕೇರಿಯವರು ಇದಕ್ಕೆ ನಗುತ್ತಾರೆ, ಆದರೆ ತಳದಲ್ಲಿ ಕಲ್ಲು ಉಳಿದಿದ್ದರೆ ಆಗಬಾರದ್ದೇನಲ್ಲ. ಹೊಂಡದ ಗೋಡೆಗೆ ಸೆಂಟಿಮೀಟರ್ ಗೆರೆ ಹಾಕಲು ಸೂಪರ್‌ವೈಸರ್ ಒಪ್ಪಿದ್ದಾರೆ. ಪಕ್ಕದಲ್ಲಿ ಒಂದು ಅಗಲ ಟಬ್ಬಿನಲ್ಲೂ ನೀರು ತುಂಬಿಡುತ್ತೇನೆ, ಅದು ಇಳಿಯುವುದು ಆವಿಯಾಗಿ ಮಾತ್ರ. ಮಳೆ ಬಿಟ್ಟ ದಿನಗಳಲ್ಲಿ ಟಬ್ಬಿನ ನೀರು ಇಳಿದಿದ್ದಕ್ಕಿಂತ ಹೊಂಡದ್ದು ಜಾಸ್ತಿ ಇಳಿದರೆ, ಆ ಹೆಚ್ಚಿನ ಪಾಲು ನೆಲಕ್ಕೆ ಹೋಯಿತು ಅಂತ ಲೆಕ್ಕ. ಎರಡೂ ಒಂದೇ ಸಮ ಇಳಿದರೆ ಅವರು ಶೇಡಿವರೆಗೆ ಕೆತ್ತಿದ್ದಾರೆ ಅಂತಾಯ್ತು.